ಮೈಲುತುತ್ತದ ಡಾಕ್ಟರು ಲೆಸ್ಲಿ ಕೋಲ್ಮನ್

ಮಕ್ಕಳೇ, ತೊಣ್ಣೂರಿನ ಆಸುಪಾಸಿನಲ್ಲಿರುವ ನಿಮಗೆ ಕೆರೆ ನೀರೂ ಗೊತ್ತು, ನಾಲೆ ನೀರೂ ಗೊತ್ತು. ಕೆರೆ ರಾಮಾನುಜಾಚಾರ್ಯರ ಕಾಲದ್ದು ಎನ್ನುತ್ತಾರೆ. ವಿಶ್ವೇಶ್ವರಯ್ಯ ನಾಲೆ ಈಚಿನದು, ಮೊದಲು ಅದರ ಹೆಸರು ಇರ್ವಿನ್ ನಾಲೆ. ಮಳೆ ನಂಬಿದ್ದ ಹೊಲಗಳಿಗೆ ನಾಲೆ ನೀರು ಬಂದರೆ ಯಾವ ಭತ್ತ, ಯಾವ ಕಬ್ಬು ಹಾಕಬೇಕು? ಇದನ್ನು ಪರೀಕ್ಷಿಸಿ ರೈತರಿಗೆ ತಿಳಿಸಲು 1931ರಲ್ಲಿ ಮಂಡ್ಯದ ಬಳಿ ಒಂದು ಫಾರಂ ಶುರುವಾಯಿತು. ಅದೇ ಇಂದಿನ ವಿ.ಸಿ. ಫಾರಂ. ಅದನ್ನು ಕಟ್ಟಿದವರು ಡಾ. ಲೆಸ್ಲಿ ಕೋಲ್ಮನ್.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರಾಂಟೊದಲ್ಲಿ ಓದಿ, ಹೆಚ್ಚಿನ ವ್ಯಾಸಂಗಕ್ಕೆ ಜರ್ಮನಿಗೆ ಹೋದರು. ಅಲ್ಲಿ ಅವರು ಆರಿಸಿಕೊಂಡದ್ದು ಮಣ್ಣಿನ ಬ್ಯಾಕ್ಟೀರಿಯಾಗಳನ್ನು. ಗೊಬ್ಬರದಿಂದ ಬರುವ ಅಮೋನಿಯಾವನ್ನು ಬೇರು ಹೀರಬಲ್ಲ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳಿವೆ. ಅವುಗಳ ಬಗ್ಗೆ ಬರೆದ ಪ್ರಬಂಧ 1908ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರು ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು.

ಬಂದವರಿಗೆ ಎದುರಾದದ್ದು ಮಲೆನಾಡಿನ ಕೊಳೆರೋಗ. ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರಿ, ಕೆಲವು ತೋಟಗಳಲ್ಲಿ ಇಡೀ ವರ್ಷದ ಫಸಲೇ ಹೋಗುತ್ತಿತ್ತು. ಗೊನೆಗೆ ಮಳೆ ತಾಗದಂತೆ ರೈತರು ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದರು. ಒಂದೊಂದೇ ಮರ ಹತ್ತಿ ಕಟ್ಟಬೇಕು, ಎಷ್ಟು ಕಷ್ಟ ನೋಡಿ! ಬೂಷ್ಟಿನಂಥ ಒಂದು ಸೂಕ್ಷ್ಮಜೀವಿ ಈ ರೋಗಕ್ಕೆ ಕಾರಣ ಎಂದು ಕೋಲ್ಮನ್ ಗುರುತಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಸುತ್ತಿದ್ದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಂದಿಸಿದರು. ಮೈಲುತುತ್ತ, ಸುಣ್ಣ, ನೀರು, ಇಷ್ಟೇ ಅದರ ಸಾಮಾನು. ಆದರೆ ಮಲೆನಾಡಿನ ಮಳೆಗೆ ಔಷಧಿ ತೊಳೆದುಹೋಗಬಾರದಲ್ಲ? ಅದಕ್ಕೆ ಅಂಟಾಗಿ ರಾಳ ಸೇರಿಸಿದರು. ತೋಟಗಳು ಉಳಿದವು. ಇಂದಿಗೂ ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಇದನ್ನೇ ಹೊಡೆಯುತ್ತಾರೆ.

ಮುಂದೆ ಅವರು ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ಸಕ್ಕರೆ ಕಾರ್ಖಾನೆ ಎಲ್ಲದರ ಹಿಂದೆ ಅವರ ದುಡಿಮೆಯಿದೆ. 1934ರಲ್ಲಿ ಕೆಲಸ ಬಿಟ್ಟು ಕೆನಡಾಕ್ಕೆ ಮರಳಿದರು. 1954ರಲ್ಲಿ ತೀರಿಕೊಂಡರು.

ಅವರ ಔಷಧಿಯ ಕತೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಮೈಲುತುತ್ತದಲ್ಲಿರುವುದು ತಾಮ್ರ, ಒಂದು ಭಾರಲೋಹ. ಎಲೆ ಕೊಳೆತು ಮಣ್ಣಾಗುತ್ತದೆ, ತಾಮ್ರ ಕೊಳೆಯುವುದಿಲ್ಲ. ವರ್ಷವರ್ಷವೂ ಹೊಡೆದದ್ದು ತೊಟ್ಟಿಕ್ಕಿ ಮಣ್ಣಿನಲ್ಲೇ ಉಳಿಯುತ್ತದೆ. ಫ್ರಾನ್ಸಿನ ಹಳೆಯ ದ್ರಾಕ್ಷಿ ತೋಟಗಳಲ್ಲಿ ಹೀಗೆ ತಾಮ್ರ ತುಂಬಿಕೊಂಡಿದೆ. ಗಿಡಕ್ಕೆ ಸ್ವಲ್ಪ ತಾಮ್ರ ಬೇಕೇ ಬೇಕು. ಹೆಚ್ಚಾದರೆ ಬೇರು ಕುಗ್ಗುತ್ತದೆ, ಎರೆಹುಳು ಕಡಿಮೆಯಾಗುತ್ತದೆ. ಕೋಲ್ಮನ್ ಜರ್ಮನಿಯಲ್ಲಿ ಅಭ್ಯಾಸ ಮಾಡಿದ್ದ ಆ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬೀಳುತ್ತದೆ! ಇದಕ್ಕೆ ಅವರನ್ನು ದೂರುವುದು ನ್ಯಾಯವಲ್ಲ. ಫಸಲೆಲ್ಲ ನೆಲಕ್ಕೆ ಉದುರುತ್ತಿದ್ದಾಗ ರೈತನಿಗೆ ಬೇರೆ ದಾರಿ ಇರಲಿಲ್ಲ.

ಈಗ ಆ ಲೋಹವನ್ನು ತೆಗೆಯುವುದು ಹೇಗೆ? ಇಲ್ಲಿ ಮತ್ತೆ ಬ್ಯಾಕ್ಟೀರಿಯಾಗಳೇ ಬರುತ್ತವೆ. ಬೇರಿನ ಸುತ್ತ, ಬೇರಿನ ಒಳಗೆ ಮನೆ ಮಾಡಿಕೊಂಡಿರುವ ಕೆಲವು ಬ್ಯಾಕ್ಟೀರಿಯಾಗಳು ತಾಮ್ರಕ್ಕೆ ಹೆದರುವುದಿಲ್ಲ. ಕೆಲವು ಆಮ್ಲ ಸುರಿಸಿ, ಮಣ್ಣಿಗೆ ಅಂಟಿದ ಲೋಹವನ್ನು ಬಿಡಿಸಿ ಬೇರಿಗೆ ಕೊಡುತ್ತವೆ. ಕೆಲವು ತಮ್ಮ ಮೈಗೇ ಲೋಹವನ್ನು ಅಂಟಿಸಿಕೊಳ್ಳುತ್ತವೆ. ಲೋಹದಿಂದ ಸೊರಗಿದ ಗಿಡ ಮತ್ತೆ ಬೇರು ಬಿಡುವಂತೆ ಮಾಡುವವೂ ಇವೆ. ಆದರೆ ಒಂದು ಮಾತು: ಲೋಹವನ್ನು ಇಲ್ಲವಾಗಿಸಲು ಯಾವ ಬ್ಯಾಕ್ಟೀರಿಯಾಕ್ಕೂ ಆಗದು. ಅದು ಮಣ್ಣಿನಿಂದ ಗಿಡಕ್ಕೆ ಬರುತ್ತದೆ, ಅಷ್ಟೆ. ಆ ಗಿಡವನ್ನು ಕಿತ್ತು ಜೋಪಾನವಾಗಿ ಬೇರೆಡೆ ಸಾಗಿಸಬೇಕು, ದನಕರುಗಳಿಗೆ ಹಾಕಬಾರದು. ಕೆಲಸ ನಿಧಾನ, ವರ್ಷಗಳೇ ಬೇಕು.

ಇಂಥ ಒಂದು ಬ್ಯಾಕ್ಟೀರಿಯಾದ ಹೆಸರು ಕುಪ್ರಿಯಾವಿಡಸ್ ತೈವಾನೆನ್ಸಿಸ್. ಕುಪ್ರಿಯಾವಿಡಸ್ ಎಂದರೆ ತಾಮ್ರವನ್ನು ಬಯಸುವುದು ಎಂದರ್ಥ. ಅದು ಮೊದಲು ಸಿಕ್ಕಿದ್ದು ತೈವಾನಿನಲ್ಲಿ. ಭಾರತದಲ್ಲೂ ಇದೆ. ಇದು ವಾಸಿಸುವ ಗಿಡ ಯಾವುದು ಗೊತ್ತೇ? ನೀವು ಮುಟ್ಟಿ ಆಡುವ ಮುಟ್ಟಿದರೆ ಮುನಿ! ಅದರ ಬೇರಿನ ಗಂಟುಗಳಲ್ಲಿ ಇದು ಇದ್ದಾಗ ಗಿಡ ಹೆಚ್ಚು ಲೋಹ ಹೀರಿತೆಂದು ತೈವಾನಿನ ವಿಜ್ಞಾನಿಗಳು 2008ರಲ್ಲಿ ತಿಳಿಸಿದರು. ಮಳೆ ಬಂದ ಮಾರನೆಯ ದಿನ, ಮುಳ್ಳು ಚುಚ್ಚದಂತೆ ಒಂದು ಗಿಡವನ್ನು ಬೇರು ಸಮೇತ ಎಬ್ಬಿಸಿ ತೊಳೆದು ನೋಡಿ. ಸಣ್ಣ ಗಂಟುಗಳು ಕಂಡರೆ ಒಂದನ್ನು ಸೀಳಿ. ಒಳಗೆ ನಸುಗೆಂಪಾಗಿದ್ದರೆ ಬ್ಯಾಕ್ಟೀರಿಯಾಗಳು ಕೆಲಸದಲ್ಲಿವೆ.