ಬಾವಲಿಯ ನೆರಳಿನಲ್ಲಿ ಉಳಿದ ಹೆಸರು: ಬಿಲ್ ಫಿಂಗರ್

1974ರ ಜನವರಿ 18. ನ್ಯೂಯಾರ್ಕ್ ಮಹಾನಗರದ ಮ್ಯಾನ್‌ಹಟನ್‌ನ ಅಪಾರ್ಟ್‌ಮೆಂಟ್ ಒಂದರಲ್ಲಿ ಬರಹಗಾರರೊಬ್ಬರು ಮೃತಪಟ್ಟಿರುವುದನ್ನು ಅವರ ಗೆಳೆಯ ಚಾರ್ಲ್ಸ್ ಸಿಂಕ್ಲೇರ್ ಕಂಡರು. ಅರವತ್ತು ತುಂಬಲು ಇನ್ನು ಮೂರು ವಾರಗಳಷ್ಟೇ ಉಳಿದಿದ್ದ ಆ ಬರಹಗಾರರ ಹೆಸರು ಬಿಲ್ ಫಿಂಗರ್. ಅವರು ರೂಪಿಸಿದ ನಾಯಕನನ್ನು ಅಷ್ಟು ಹೊತ್ತಿಗೆ ಜಗತ್ತಿನ ಮೂಲೆಮೂಲೆಯ ಮಕ್ಕಳು ಬಲ್ಲವರಾಗಿದ್ದರು. ಆದರೆ ಆ ನಾಯಕನ ಯಾವ ಪುಸ್ತಕದ ಮೇಲೂ ಸೃಷ್ಟಿಕರ್ತರೆಂದು ಫಿಂಗರ್ ಹೆಸರು ಅಚ್ಚಾಗಿರಲಿಲ್ಲ.

ಆ ನಾಯಕ ಬ್ಯಾಟ್‌ಮನ್. 1939ರಿಂದ 2015ರವರೆಗೆ, ಎಪ್ಪತ್ತಾರು ವರ್ಷಗಳ ಕಾಲ, ಬ್ಯಾಟ್‌ಮನ್‌ನ ಅಧಿಕೃತ ಸೃಷ್ಟಿಕರ್ತರು ಒಬ್ಬರೇ ಆಗಿದ್ದರು: ಚಿತ್ರಕಾರ ಬಾಬ್ ಕೇನ್. ಫಿಂಗರ್ ಅವರ ಪಾಲನ್ನು ಮೊದಲು ಗುರುತಿಸಿ ಬರೆದಿಟ್ಟವರು ಪ್ರಕಾಶಕರಲ್ಲ, ವಿಮರ್ಶಕರೂ ಅಲ್ಲ. ಕಾಮಿಕ್ಸ್ ಓದಿ, ಪತ್ರ ಬರೆದು, ಯಾರ ಕಥೆ ಮೇಲು ಯಾರದು ಕೀಳು ಎಂದು ತಮ್ಮೊಳಗೇ ವಾದಿಸುತ್ತಿದ್ದ ಸಾಮಾನ್ಯ ಅಭಿಮಾನಿಗಳು.

ದರ್ಜಿಯ ಮಗ

ಫಿಂಗರ್ ಜನಿಸಿದ್ದು 1914ರ ಫೆಬ್ರವರಿ 8ರಂದು, ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ನಗರದಲ್ಲಿ. ಹೆತ್ತವರು ಇಟ್ಟ ಹೆಸರು ಮಿಲ್ಟನ್. ಯಹೂದಿ ಕುಟುಂಬ; ತಂದೆ ಯುರೋಪಿನಿಂದ ವಲಸೆ ಬಂದ ದರ್ಜಿ. ಮುಂದೆ ಕುಟುಂಬ ನ್ಯೂಯಾರ್ಕ್‌ನ ಬ್ರಾಂಕ್ಸ್ ಪ್ರದೇಶಕ್ಕೆ ಬಂದು ನೆಲೆಸಿತು. ಅಲ್ಲಿನ ಡಿವಿಟ್ ಕ್ಲಿಂಟನ್ ಪ್ರೌಢಶಾಲೆಯಲ್ಲಿ ಓದು ಮುಗಿಸಿ ಫಿಂಗರ್ ಹೊರಬಂದದ್ದು 1933ರಲ್ಲಿ, ಆರ್ಥಿಕ ಮಹಾಕುಸಿತದ ನಡುವೆ. ಕೈಗೆ ಸಿಕ್ಕಿದ್ದು ಪಾದರಕ್ಷೆ ಮಾರುವ ಕೆಲಸ. ಮನಸ್ಸಿನಲ್ಲಿದ್ದುದು ಮಾತ್ರ ಕಥೆ. ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದ ಪತ್ತೇದಾರಿ ಮಾಸಿಕಗಳು, ಸಾಹಸ ಕಾದಂಬರಿಗಳು, ಚಲನಚಿತ್ರಗಳು, ಇವೇ ಅವರ ಪಾಠಶಾಲೆ.

ಅದೇ ಶಾಲೆಯಲ್ಲಿ ಓದಿದ್ದ ಬಾಬ್ ಕೇನ್ ಅವರ ಪರಿಚಯ ಆದದ್ದು 1938ರಲ್ಲಿ, ಒಂದು ಔತಣಕೂಟದಲ್ಲಿ. ಕೇನ್ ಆಗಲೇ ಕಾಮಿಕ್ಸ್‌ಗೆ ಚಿತ್ರ ಬರೆಯುತ್ತಿದ್ದರು. ಅವರಿಗೆ ಕಥೆ ಹೊಸೆದುಕೊಡುವವರು ಬೇಕಿತ್ತು. ಫಿಂಗರ್ ಒಪ್ಪಿದರು. ಬರೆಯುವವರು ಫಿಂಗರ್, ಹೆಸರು ಕೇನ್ ಅವರದು. ಆ ಕಾಲದ ಕಾಮಿಕ್ಸ್ ಉದ್ಯಮದಲ್ಲಿ ಇದು ಅಪರೂಪದ ಏರ್ಪಾಡೇನೂ ಆಗಿರಲಿಲ್ಲ.

ಅದೇ ವರ್ಷ ಜೆರ್ರಿ ಸೀಗಲ್ ಮತ್ತು ಜೋ ಶೂಸ್ಟರ್ ಎಂಬ ತರುಣರ ಸೂಪರ್‌ಮನ್ ಪ್ರಕಟವಾಗಿ ಮಾರುಕಟ್ಟೆಯನ್ನು ಗೆದ್ದಿತು. ಅಂಥದೇ ಇನ್ನೊಬ್ಬ ನಾಯಕ ಬೇಕೆಂದು ಪ್ರಕಾಶಕರು ಹುಡುಕತೊಡಗಿದರು. ಕೇನ್ ಒಂದು ರೇಖಾಚಿತ್ರ ಸಿದ್ಧಪಡಿಸಿ ಅದಕ್ಕೆ ಬಾವಲಿ ಮನುಷ್ಯನೆಂದು ಹೆಸರಿಟ್ಟು ಫಿಂಗರ್ ಅವರನ್ನು ಕರೆಸಿಕೊಂಡರು.

ಚಿತ್ರದಲ್ಲಿದ್ದವನು ಕೆಂಪು ಬಿಗಿಯುಡುಪಿನವನು. ಕಣ್ಣ ಸುತ್ತ ಪುಟ್ಟ ಮುಖವಾಡ, ಬೆನ್ನಿಗೆ ಸೆಟೆದು ನಿಂತ ಎರಡು ರೆಕ್ಕೆ. ಫಿಂಗರ್ ನಿಘಂಟಿನಲ್ಲಿದ್ದ ಬಾವಲಿಯ ಚಿತ್ರವನ್ನು ತೆರೆದು ತೋರಿಸಿ ಬದಲಾವಣೆಗಳನ್ನು ಸೂಚಿಸಿದರು. ರೆಕ್ಕೆಯ ಬದಲು ಹೆಗಲಿನಿಂದ ಇಳಿಬೀಳುವ ಹೊದಿಕೆ, ಚೂಪು ಕಿವಿಗಳ ಮುಸುಕು, ಕಣ್ಣುಗುಡ್ಡೆ ಕಾಣದ ಬಿಳಿಯ ಸೀಳು, ಕೈಗೆ ಗವಸು, ಮೈಗೆ ಬೂದು ಮತ್ತು ಕಪ್ಪು ಬಣ್ಣ. ಇಂದು ಯಾರೇ ಕಣ್ಣು ಮುಚ್ಚಿ ನೆನೆದರೂ ಮೂಡುವ ಬ್ಯಾಟ್‌ಮನ್ ಹೀಗೆ ಆಕಾರ ಪಡೆದ. ಬ್ರೂಸ್ ವೇಯ್ನ್ ಎಂಬ ನಿಜನಾಮವನ್ನು ಕೊಟ್ಟವರೂ ಫಿಂಗರ್ ಅವರೇ. ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್ ಮತ್ತು ಅಮೆರಿಕದ ಸೇನಾನಿ ಆಂಟನಿ ವೇಯ್ನ್ ಅವರ ಹೆಸರುಗಳ ಜೋಡಣೆ ಅದು.

ಮೊದಲ ಕಥೆ ಆರು ಪುಟಗಳದು. 1939ರ ಮೇ ತಿಂಗಳ ಡಿಟೆಕ್ಟಿವ್ ಕಾಮಿಕ್ಸ್ 27ನೇ ಸಂಚಿಕೆಯಲ್ಲಿ ಪ್ರಕಟವಾಯಿತು. ಬರೆದವರು ಫಿಂಗರ್, ಪುಟದ ಮೇಲಿದ್ದುದು ಕೇನ್ ಹೆಸರು ಮಾತ್ರ. ಆ ಕಥೆಯ ಹಂದರವನ್ನು ಫಿಂಗರ್ ಆಗಿನ ಜನಪ್ರಿಯ ಷ್ಯಾಡೋ ಪತ್ತೇದಾರಿ ಮಾಲೆಯ ಕಥೆಯೊಂದರಿಂದ ಪಡೆದಿದ್ದರೆಂಬುದೂ ಮುಂದೆ ಬೆಳಕಿಗೆ ಬಂದ ಸಂಗತಿಯೇ. ಪ್ರಕಾಶನ ಸಂಸ್ಥೆಯೊಡನೆ ಒಪ್ಪಂದಕ್ಕೆ ಕುಳಿತವರು ಕೇನ್ ಒಬ್ಬರೇ. ಹೆಸರು ಅವರೊಬ್ಬರದೇ ಎಂದು ಒಪ್ಪಂದ ಹೇಳಿತು. ಫಿಂಗರ್ ಆಗ ಕೇನ್ ಅವರಿಂದ ಸಂಬಳ ಪಡೆಯುವ ಬರಹಗಾರ. ಅವರು ಪ್ರತಿಭಟಿಸಲಿಲ್ಲ.

ಅಂಕಿತವಿಲ್ಲದ ಕಥೆಗಳು

ಮುಂದಿನ ಕಾಲು ಶತಮಾನ ಫಿಂಗರ್ ಬರೆಯುತ್ತಲೇ ಹೋದರು. ಹಾದಿಬದಿಯಲ್ಲಿ ಹೆತ್ತವರ ಕೊಲೆಯನ್ನು ಕಂಡ ಬಾಲಕ ಅಪರಾಧದ ವಿರುದ್ಧ ಸಮರ ಸಾರುವ ಮೂಲಕಥೆ 1939ರಲ್ಲೇ ಬಂತು. 1940ರಲ್ಲಿ ಸಂಗಾತಿ ರಾಬಿನ್ ಬಂದ. ಷರ್ಲಾಕ್ ಹೋಮ್ಸ್‌ಗೆ ವಾಟ್ಸನ್ ಇದ್ದಂತೆ ಬ್ಯಾಟ್‌ಮನ್‌ಗೂ ಮಾತಿಗೊಬ್ಬ ಜೊತೆಗಾರ ಬೇಕೆಂಬುದು ಫಿಂಗರ್ ಅವರ ಆಲೋಚನೆಯಾಗಿತ್ತು. ಅದೇ ವರ್ಷ ಬ್ಯಾಟ್‌ಮನ್ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಜೋಕರ್ ಮತ್ತು ಕ್ಯಾಟ್‌ವುಮನ್ ಕಾಣಿಸಿಕೊಂಡರು. ಜೋಕರ್‌ನ ಹುಟ್ಟಿನ ಶ್ರೇಯಸ್ಸು ಯಾರಿಗೆ ಎಂಬ ಬಗ್ಗೆ ಕೇನ್, ಫಿಂಗರ್ ಮತ್ತು ಸಹಾಯಕ ಚಿತ್ರಕಾರ ಜೆರ್ರಿ ರಾಬಿನ್ಸನ್ ಅವರ ನಡುವೆ ಭಿನ್ನ ನೆನಪುಗಳಿದ್ದವು. ಗಾಥಮ್ ಸಿಟಿ ಎಂಬ ಹೆಸರನ್ನು ಮಾತ್ರ ಫಿಂಗರ್ ದೂರವಾಣಿ ಡೈರೆಕ್ಟರಿ ತಿರುವಿಹಾಕುವಾಗ ಕಣ್ಣಿಗೆ ಬಿದ್ದ ಆಭರಣದಂಗಡಿಯೊಂದರಿಂದ ಎತ್ತಿಕೊಂಡರು. 1948ರಲ್ಲಿ ಚಿತ್ರಕಾರ ಡಿಕ್ ಸ್ಪ್ರ್ಯಾಂಗ್ ಅವರೊಡನೆ ಒಗಟುಗಾರ ಖಳ ರಿಡ್ಲರ್‌ನನ್ನು ರೂಪಿಸಿದರು. ಇತರ ನಾಯಕರಿಗೂ ಅವರ ಲೇಖನಿ ದುಡಿಯಿತು. ಮಾರ್ಟಿನ್ ನೊಡೆಲ್ ಅವರೊಡನೆ ಸೇರಿ 1940ರಲ್ಲಿ ಮೊದಲ ಗ್ರೀನ್ ಲ್ಯಾಂಟರ್ನ್‌ನನ್ನು ಬೆಳೆಸಿದವರೂ ಅವರೇ.

ವಚನ, ಕೀರ್ತನೆಗಳಿಗೆ ಅಂಕಿತವಿರುತ್ತದೆ. ಕಡೆಯ ಸಾಲಿಗೆ ಬಂದರೆ ಕೃತಿ ಯಾರದೆಂದು ತಿಳಿಯುತ್ತದೆ. ಫಿಂಗರ್ ಕಥೆಗಳಿಗೆ ಅಂಕಿತವಿರಲಿಲ್ಲ, ಶೈಲಿಯಿತ್ತು. ಕಂಡದ್ದು ಕೇಳಿದ್ದನ್ನೆಲ್ಲ ಅವರು ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಅವರ ಕಥೆಗಳ ಕೊನೆಯ ಹೋರಾಟ ಮನೆಯೆತ್ತರದ ಬೆರಳಚ್ಚು ಯಂತ್ರದ ಮೇಲೋ, ದೈತ್ಯಾಕಾರದ ಇನ್ನಾವುದೋ ವಸ್ತುವಿನ ಮೇಲೋ ನಡೆಯುತ್ತಿತ್ತು. ನಿಷ್ಠೆಯಿಂದ ಓದುವವರಿಗೆ ಆ ಕೈವಾಡ ಗೊತ್ತಾಗುತ್ತಿತ್ತು, ಅದು ಯಾರ ಕೈ ಎಂಬುದು ಗೊತ್ತಾಗುತ್ತಿರಲಿಲ್ಲ.

ದೋಷ ಅವರಲ್ಲೂ ಇತ್ತು. ನಿಧಾನವಾಗಿ ಬರೆಯುವವರು. ಗಡುವು ಮೀರುವುದು ಅವರ ವಾಡಿಕೆ. ಸಂಪಾದಕರ ಸಿಟ್ಟಿಗೆ ಅದು ಸದಾ ಕಾರಣ. ಪುಟಕ್ಕಿಷ್ಟು ಎಂಬ ಲೆಕ್ಕದಲ್ಲಿ ಬದುಕುವ ಬರಹಗಾರನಿಗೆ ನಿಧಾನವೆಂದರೆ ಬಡತನವೇ. ಅತ್ತ ಕೇನ್, ತಮ್ಮ ಒಪ್ಪಂದದ ಬಲದಿಂದ ಹಣ, ಹೆಸರು ಎರಡನ್ನೂ ಗಳಿಸಿದರು. ಕೇನ್ ಹೆಸರಿನಲ್ಲಿ ಅನೇಕ ಚಿತ್ರಕಾರರೂ ಅನಾಮಧೇಯರಾಗಿ ದುಡಿದರು.

ಓದುಗರ ಓಲೆಗಳು

1960ರ ದಶಕದ ಹೊತ್ತಿಗೆ ಚಿತ್ರ ಬದಲಾಯಿತು. ಬಾಲ್ಯದಲ್ಲಿ ಕಾಮಿಕ್ಸ್ ಓದಿ ಬೆಳೆದವರು ಈಗ ಉದ್ಯೋಗಸ್ಥರಾಗಿದ್ದರು, ಆದರೆ ಓದು ಬಿಟ್ಟಿರಲಿಲ್ಲ. ಡಿಸಿ ಕಾಮಿಕ್ಸ್‌ನ ಸಂಪಾದಕ ಜೂಲಿಯಸ್ ಷ್ವಾರ್ಟ್ಜ್ ಓದುಗರ ಪತ್ರಗಳನ್ನು ಪೂರ್ಣ ವಿಳಾಸದೊಂದಿಗೆ ಪ್ರಕಟಿಸತೊಡಗಿದರು. ಇದರಿಂದ ದೂರದ ಊರುಗಳ ಅಭಿಮಾನಿಗಳು ಪರಸ್ಪರ ಓಲೆ ಬರೆಯುವಂತಾಯಿತು. ಹೊಸ ಸಂಚಿಕೆ ಹೇಗಿದೆ, ಕಥೆ ಏಕೆ ಸೊರಗಿದೆ, ಚಿತ್ರ ಯಾರದು? ಚರ್ಚೆಗೆ ಕೊನೆಯಿರಲಿಲ್ಲ. 1950ರ ದಶಕದ ಕೊನೆಗೆ ಅನ್ಯಗ್ರಹ ಜೀವಿಗಳ ಬೆನ್ನುಹತ್ತಿ ಮಂಕಾಗಿದ್ದ ಬ್ಯಾಟ್‌ಮನ್‌ನನ್ನು ಷ್ವಾರ್ಟ್ಜ್ 1964ರಲ್ಲಿ ಹೊಸ ರೂಪದಲ್ಲಿ ತಂದಾಗ ಆ ಚರ್ಚೆ ಮತ್ತಷ್ಟು ಕಾವೇರಿತು. ಅದೇ ವರ್ಷ ಮಿಸೌರಿ ರಾಜ್ಯದ ಬಿಲ್ಜೊ ವೈಟ್ ಎಂಬ ಅಭಿಮಾನಿ ಬ್ಯಾಟ್‌ಮೇನಿಯಾ ಎಂಬ ಕಿರುಪತ್ರಿಕೆಯನ್ನೇ ಆರಂಭಿಸಿದರು.

ಈ ಬಳಗದ ಹಿರಿಯ ಜೆರ್ರಿ ಬೇಯ್ಲ್ಸ್. ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಬೋಧಕರು. 1961ರಲ್ಲಿ ಆಲ್ಟರ್ ಈಗೊ ಎಂಬ ಅಭಿಮಾನಿ ಪತ್ರಿಕೆ ಹೊರತಂದವರು. ಹಳೆಯ ಕಾಮಿಕ್ಸ್‌ನಲ್ಲಿ ಯಾವ ಕಥೆ ಯಾರದು, ಯಾವ ಚಿತ್ರ ಯಾರದು ಎಂದು ಪಟ್ಟಿ ಮಾಡುವುದು ಅವರ ಹವ್ಯಾಸ. ವಿಜ್ಞಾನಿಯ ಶಿಸ್ತು, ಅಭಿಮಾನಿಯ ಆಸಕ್ತಿ ಎರಡೂ ಅವರಲ್ಲಿ ಕೂಡಿದ್ದವು.

1965ರ ಬೇಸಿಗೆಯಲ್ಲಿ ನ್ಯೂಯಾರ್ಕ್‌ನಲ್ಲಿ ಕಾಮಿಕ್ಸ್ ಅಭಿಮಾನಿಗಳ ಸಮ್ಮೇಳನ ನಡೆಯಿತು. ಗಾರ್ಡ್ನರ್ ಫಾಕ್ಸ್, ಆಟೊ ಬೈಂಡರ್ ಮೊದಲಾದ ಬರಹಗಾರರೊಂದಿಗೆ ಫಿಂಗರ್ ಕೂಡ ವೇದಿಕೆಯೇರಿದರು. ಇಪ್ಪತ್ತಾರು ವರ್ಷಗಳಿಂದ ಓದುತ್ತಿದ್ದ ಕಥೆಗಳ ಕರ್ತೃ ಅಭಿಮಾನಿಗಳ ಎದುರಿಗೆ ಕುಳಿತಿದ್ದರು. ಫಿಂಗರ್ ಅವರೊಡನೆ ಮಾತನಾಡಿದ ಬೇಯ್ಲ್ಸ್, ಕೇಳಿದ್ದನ್ನು ಆಧರಿಸಿ ಲೇಖನವೊಂದನ್ನು ಬರೆದು ಅಭಿಮಾನಿಗಳ ಖಾಸಗಿ ಬಳಗದಲ್ಲಿ ಹಂಚಿದರು. ಬ್ಯಾಟ್‌ಮನ್‌ನ ವೇಷ, ಮೊದಲ ಕಥೆ, ಪಾತ್ರಗಳು, ಇವುಗಳಲ್ಲೆಲ್ಲ ಫಿಂಗರ್ ಕೈಯಿದೆಯೆಂದು ಸ್ಪಷ್ಟವಾಗಿ ಸಾರಿದ ಮೊದಲ ಬರಹ ಅದು.

ಕೇನ್ ಕೆರಳಿದರು. ಅದೇ ಸೆಪ್ಟೆಂಬರ್‌ನಲ್ಲಿ ಅಭಿಮಾನಿಗಳನ್ನು ಉದ್ದೇಶಿಸಿ ದೀರ್ಘ ಪತ್ರ ಬರೆದು ಬ್ಯಾಟ್‌ಮೇನಿಯಾಕ್ಕೆ ಕಳುಹಿಸಿದರು. ತಾವೊಬ್ಬರೇ ಸೃಷ್ಟಿಕರ್ತರೆಂದು ಹೇಳಿಕೊಂಡರು. ಫಿಂಗರ್ ನೆನಪಿನ ಮೇಲೆ ಸಂಶಯ ವ್ಯಕ್ತಪಡಿಸಿದರು. 1967ರಲ್ಲಿ ಅದು ಪ್ರಕಟವಾಯಿತು. ಪ್ರಸಿದ್ಧ ಚಿತ್ರಕಾರರ ಮಾತಿಗೂ ಅಭಿಮಾನಿಯೊಬ್ಬರ ಟಿಪ್ಪಣಿಗೂ ತೂಕದಲ್ಲಿ ಎಷ್ಟು ಅಂತರವೆಂದು ಬೇರೆ ಹೇಳಬೇಕಿಲ್ಲ. ಬೈಲೈನ್ ಬದಲಾಗಲಿಲ್ಲ. 1966ರಲ್ಲಿ ಬ್ಯಾಟ್‌ಮನ್ ಟಿವಿ ಧಾರಾವಾಹಿ ಅಮೆರಿಕವನ್ನೇ ಮರುಳುಮಾಡಿದಾಗ ಫಿಂಗರ್ ಅವರಿಗೆ ದಕ್ಕಿದ್ದು ಸಿಂಕ್ಲೇರ್ ಜೊತೆ ಬರೆದ ಎರಡು ಭಾಗಗಳ ಒಂದು ಕಥೆ, ಪರದೆಯ ಮೇಲೆ ಕ್ಷಣಕಾಲ ಮೂಡಿದ ಹೆಸರು.

ಆದರೂ ಬರೆದಿಟ್ಟದ್ದು ಅಳಿಯಲಿಲ್ಲ. 1970ರಲ್ಲಿ ಚಿತ್ರಕಾರ ಜಿಮ್ ಸ್ಟೆರಾಂಕೊ ತಮ್ಮ ಕಾಮಿಕ್ಸ್ ಇತಿಹಾಸದಲ್ಲಿ ಫಿಂಗರ್ ಹೇಳಿಕೆಗಳನ್ನು ದಾಖಲಿಸಿದರು. ನಾಲ್ಕು ವರ್ಷಗಳ ಬಳಿಕ ಫಿಂಗರ್ ಇನ್ನಿಲ್ಲವಾದರು. ಅನಾಥ ಶವಗಳ ಸ್ಮಶಾನದಲ್ಲಿ ಅವರನ್ನು ಹೂಳಲಾಯಿತೆಂಬ ವದಂತಿ ದಶಕಗಳ ಕಾಲ ಹಬ್ಬಿತ್ತು. ವಾಸ್ತವ ಬೇರೆ. ಮಗ ಫ್ರೆಡ್ ತಂದೆಯ ಚಿತಾಭಸ್ಮವನ್ನು ಆರಿಗಾನ್ ರಾಜ್ಯದ ಕಡಲತೀರದ ಮರಳಿನ ಮೇಲೆ ಬಾವಲಿಯ ಆಕಾರದಲ್ಲಿ ಹರಡಿದ್ದರು. ಅಲೆ ಬಂದು ಅದನ್ನು ಕೊಂಡೊಯ್ದಿತು.

ತಡವಾಗಿ ಬಂದ ನ್ಯಾಯ

ಸೂಪರ್‌ಮನ್ ಸೃಷ್ಟಿಸಿದ ಸೀಗಲ್ ಮತ್ತು ಶೂಸ್ಟರ್ ಅವರ ಹೆಸರುಗಳು 1976ರಲ್ಲಿ ಮರಳಿ ಪುಟಕ್ಕೆ ಬಂದವು. ಅವರು ಬದುಕಿದ್ದರು, ಬಹಿರಂಗವಾಗಿ ಹೋರಾಡಿದರು. ಫಿಂಗರ್ ಪರವಾಗಿ ಹೋರಾಡುವವರಿರಲಿಲ್ಲ. 1989ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಕೇನ್ ಮೆತ್ತಗಾದರು. ಫಿಂಗರ್ ಪಾತ್ರ ದೊಡ್ಡದೆಂದು ಒಪ್ಪಿ, ಹೆಸರು ಹಂಚಿಕೊಳ್ಳದೆ ಹೋದದ್ದಕ್ಕೆ ವಿಷಾದ ಸೂಚಿಸಿದರು. ಆದರೆ ಒಪ್ಪಂದವನ್ನು ತಿದ್ದಿಸಲಿಲ್ಲ. 1992ರಲ್ಲಿ ಫ್ರೆಡ್, 1998ರಲ್ಲಿ ಕೇನ್ ತೀರಿಕೊಂಡರು. ಫಿಂಗರ್ ಅವರಿಗೆ ವಾರಸುದಾರರೇ ಇಲ್ಲವೆಂಬ ಭಾವನೆ ಬೇರೂರಿತು. ಈ ನಡುವೆ ಜೆರ್ರಿ ರಾಬಿನ್ಸನ್ ಅವರ ಪ್ರಯತ್ನದಿಂದ 2005ರಲ್ಲಿ ಸ್ಯಾನ್ ಡಿಯಾಗೊದ ಕಾಮಿಕ್ಸ್ ಸಮ್ಮೇಳನದಲ್ಲಿ, ತಕ್ಕ ಮನ್ನಣೆ ಸಿಗದ ಬರಹಗಾರರಿಗಾಗಿ ಫಿಂಗರ್ ಹೆಸರಿನ ಪ್ರಶಸ್ತಿ ಆರಂಭವಾಯಿತು.

ಕೊನೆಗೂ ಬಾಗಿಲು ತೆರೆದದ್ದು ಮಕ್ಕಳ ಪುಸ್ತಕಗಳ ಲೇಖಕ, ಬಾಲ್ಯದಿಂದಲೂ ಸೂಪರ್‌ಹೀರೊ ಅಭಿಮಾನಿಯಾದ ಮಾರ್ಕ್ ಟೈಲರ್ ನೋಬಲ್‌ಮನ್. ಬೇಯ್ಲ್ಸ್ ಹಾಕಿದ ಹೆಜ್ಜೆಯ ಗುರುತುಗಳನ್ನು ಹಿಡಿದು ಅವರು ವರ್ಷಗಟ್ಟಲೆ ದಾಖಲೆಗಳನ್ನು ಜಾಲಾಡಿದರು. ಫಿಂಗರ್ ಅವರ ಛಾಯಾಚಿತ್ರಗಳು ಸಿಗುವುದೂ ದುರ್ಲಭವಾಗಿದ್ದ ಸ್ಥಿತಿ. ಶೋಧನೆಯ ನಡುವೆ ಫ್ರೆಡ್‌ಗೆ ಮಗಳೊಬ್ಬಳಿರುವುದು ತಿಳಿಯಿತು. ಆಕೆ ಅಥೀನಾ ಫಿಂಗರ್, ತಾತ ತೀರಿಕೊಂಡ ಎರಡು ವರ್ಷಗಳ ಬಳಿಕ ಜನಿಸಿದವರು. 2012ರಲ್ಲಿ ನೋಬಲ್‌ಮನ್ ಬರೆದ ಫಿಂಗರ್ ಜೀವನಚರಿತ್ರೆ ಹೊರಬಂತು. ಬ್ಯಾಟ್‌ಮನ್‌ಗೆ ಎಪ್ಪತ್ತೈದು ತುಂಬಿದ 2014ರ ಹೊತ್ತಿಗೆ ತಾತನಿಗೆ ಸಲ್ಲಬೇಕಾದ ಹೆಸರನ್ನು ಮೊಮ್ಮಗಳು ಬಹಿರಂಗವಾಗಿ ಕೇಳತೊಡಗಿದ್ದರು. ಅಭಿಮಾನಿಗಳು ಅವರ ಬೆನ್ನಿಗೆ ನಿಂತರು.

2015ರ ಸೆಪ್ಟೆಂಬರ್ 18ರಂದು ಡಿಸಿ ಸಂಸ್ಥೆ ತನ್ನ ನಿರ್ಧಾರ ಪ್ರಕಟಿಸಿತು. ಅಂದಿನಿಂದ ಕೇನ್ ಹೆಸರಿನೊಡನೆ ಫಿಂಗರ್ ಹೆಸರೂ ಕಾಣಿಸಿಕೊಳ್ಳತೊಡಗಿತು. ಮೊದಲು ಕಾಮಿಕ್ಸ್ ಮತ್ತು ಗಾಥಮ್ ಟಿವಿ ಸರಣಿಯಲ್ಲಿ, 2016ರಲ್ಲಿ ಬ್ಯಾಟ್‌ಮನ್ ಮತ್ತು ಸೂಪರ್‌ಮನ್ ಮುಖಾಮುಖಿಯಾದ ಚಲನಚಿತ್ರದಲ್ಲಿ. ಸಮಪಾಲಿನ ಸೃಷ್ಟಿಕರ್ತರೆಂದಲ್ಲ, ಕೇನ್ ಜೊತೆಗಿದ್ದವರು ಎಂಬ ಅರ್ಥದ ಪದಜೋಡಣೆಯಲ್ಲಿ. ಅಷ್ಟು ಸಾಲದೆಂಬ ಅಭಿಮಾನಿಗಳೂ ಇದ್ದಾರೆ. 2017ರ ಡಿಸೆಂಬರ್‌ನಲ್ಲಿ ಬ್ರಾಂಕ್ಸ್‌ನ ಪೋ ಪಾರ್ಕ್ ಬಳಿಯ ರಸ್ತೆಯ ಮೂಲೆಗೆ ಬಿಲ್ ಫಿಂಗರ್ ವೇ ಎಂಬ ಫಲಕ ಹಾಕಲಾಯಿತು. ಎಂಟು ದಶಕಗಳ ಹಿಂದೆ ಇಬ್ಬರು ತರುಣರು ಕುಳಿತು ಕಥೆ ಚರ್ಚಿಸುತ್ತಿದ್ದ ಉದ್ಯಾನ ಅದು.

ಜೆರ್ರಿ ಬೇಯ್ಲ್ಸ್ ಇದನ್ನೆಲ್ಲ ನೋಡಲಿಲ್ಲ. 2006ರಲ್ಲೇ ಅವರು ನಿಧನರಾಗಿದ್ದರು. 1965ರಲ್ಲಿ ಅವರು ಬರೆದು ಹಂಚಿದ ಪ್ರತಿಗಳು ಕೆಲವೇ ಕೆಲವು. ಪುಟದ ಮೇಲೆ ಹೆಸರು ಮೂಡಲು ಆ ಬಳಿಕ ಐವತ್ತು ವರ್ಷಗಳು ಬೇಕಾದವು.