ಕಲೂಗದ ಉಪಾಧ್ಯಾಯರು

ಅಂತರಿಕ್ಷದಲ್ಲಿ ಮಾನವವಸತಿಗಳನ್ನು ಸ್ಥಾಪಿಸಬೇಕೆಂಬ ಮಾತು ಇಂದು ಕೋಟ್ಯಧೀಶ್ವರರ ಬಾಯಲ್ಲಿಯೂ ಪ್ರಬಲ ರಾಷ್ಟ್ರಗಳ ಸರಕಾರಗಳಲ್ಲಿಯೂ ಕೇಳಿಬರುತ್ತಿದೆ. ಈ ವಿಚಾರಕ್ಕೆ ಗಣಿತದ ತಳಹದಿಯನ್ನು ಹಾಕಿದವರಾದರೋ ರಷ್ಯಾದ ಒಂದು ಸಣ್ಣ ಪಟ್ಟಣದ ಕಿವುಡ ಉಪಾಧ್ಯಾಯರು.

ಕಾನ್‌ಸ್ಟಾಂಟಿನ್ ತ್ಸಿಯೊಲ್ಕೊವ್‌ಸ್ಕಿಯವರು 1857ರಲ್ಲಿ ರಿಯಾಜಾನ್ ಪ್ರಾಂತದ ಇಜೆವ್‌ಸ್ಕೊಯೆ ಗ್ರಾಮದಲ್ಲಿ ಜನಿಸಿದರು. ಬಾಲ್ಯದಲ್ಲಿ ಬಂದ ಜ್ವರವೊಂದು ಅವರ ಶ್ರವಣಶಕ್ತಿಯನ್ನು ಬಹುಮಟ್ಟಿಗೆ ಅಪಹರಿಸಿತು. ಶಾಲೆಯ ವಿದ್ಯಾಭ್ಯಾಸಕ್ಕೂ ಅದು ಅಡ್ಡಿಯಾಯಿತು. ಹದಿನಾರರ ವಯಸ್ಸಿನಲ್ಲಿ ಮಾಸ್ಕೋ ನಗರವನ್ನು ಸೇರಿ, ಕರಿಯ ರೊಟ್ಟಿಯನ್ನು ತಿಂದು, ಉಳಿದ ಹಣವನ್ನೆಲ್ಲ ಪುಸ್ತಕಗಳಿಗೂ ಪ್ರಯೋಗಗಳಿಗೂ ಸುರಿದು, ಪುಸ್ತಕಾಲಯವನ್ನೇ ಗುರುಕುಲವನ್ನಾಗಿ ಮಾಡಿಕೊಂಡರು. ಬಳಿಕ ಬೋರೊವ್‌ಸ್ಕ್‌ನಲ್ಲಿಯೂ 1892ರಿಂದ ಕಲೂಗದಲ್ಲಿಯೂ ಶಾಲಾಮಾಸ್ತರಿಕೆಯಿಂದ ಜೀವನ ಸಾಗಿಸಿದರು.

ರಾಕೆಟ್ಟಿನ ಅಂತಿಮ ವೇಗವು ಹೊರಚಿಮ್ಮುವ ಅನಿಲದ ವೇಗವನ್ನೂ, ಇಂಧನ ತುಂಬಿದಾಗಿನ ಮತ್ತು ಬರಿದಾದಾಗಿನ ತೂಕಗಳ ಪ್ರಮಾಣವನ್ನೂ ಅವಲಂಬಿಸಿದೆಯೆಂಬ ಸೂತ್ರವನ್ನು ಅವರು 1903ರಲ್ಲಿ ಪ್ರಕಟಿಸಿದರು. ಆಗ ಅದನ್ನು ಗಮನಿಸಿದವರು ವಿರಳ.

ಅವರ ದೃಷ್ಟಿಯಲ್ಲಿ ಯಂತ್ರವು ಕೇವಲ ಸಾಧನ. ಸೂರ್ಯನ ತೇಜಸ್ಸಿನಲ್ಲಿ ಸುಮಾರು ಇನ್ನೂರು ಕೋಟಿಯಲ್ಲೊಂದು ಪಾಲು ಮಾತ್ರ ಈ ಭೂಮಿಗೆ ದೊರೆಯುತ್ತದೆ. ಉಳಿದುದೆಲ್ಲ ಶೂನ್ಯಕ್ಕೆ ಹೋಗುತ್ತಿರುವಾಗ ಮನುಷ್ಯರು ಅಂಗೈಯಗಲ ನೆಲಕ್ಕೆ ಹೊಡೆದಾಡುವುದೇಕೆಂಬುದು ಅವರ ವಾದದ ಸಾರ. 1920ರಲ್ಲಿ ಪುಸ್ತಕರೂಪದಲ್ಲಿ ಬಂದ ಅವರ ಕಾದಂಬರಿಯಲ್ಲಿ ನಾನಾ ರಾಷ್ಟ್ರಗಳ ವಿಜ್ಞಾನಿಗಳು ನಮ್ಮ ಹಿಮಾಲಯದ ಕೋಟೆಯೊಂದರಲ್ಲಿ ಕೂಡಿ ರಾಕೆಟ್ಟನ್ನು ನಿರ್ಮಿಸುತ್ತಾರೆ; ಗಾಜಿನ ತೋಟಗಳಲ್ಲಿ ಬೆಳೆ ತೆಗೆಯುತ್ತ ಬಾನಿನಲ್ಲಿ ವಾಸಿಸುತ್ತಾರೆ. ಕಥೆಯ ಕಾಲ 2017. ಆ ವರ್ಷವೂ ಕಳೆದುಹೋಯಿತು!

ಆದರೆ ಅವರ ಸಮಾಜಚಿಂತನೆಯೆಲ್ಲವನ್ನೂ ನಾವು ಒಪ್ಪಲಾರೆವು. ಯೋಗ್ಯರನ್ನು ಸಮಾಜವೇ ಆಯ್ದು, ಹೀನರೆನಿಸಿದವರಿಗೆ ಸಂತಾನವಿಲ್ಲದಂತೆ ಮಾಡಬೇಕೆಂದೂ ಅವರು ಬರೆದರು. ಅಂತಹ ಪರೀಕ್ಷಾಮಂಡಲಿಯು ಇಜೆವ್‌ಸ್ಕೊಯೆಯ ಆ ಕಿವುಡ ಬಾಲಕನನ್ನು ಯಾವ ಪಂಕ್ತಿಯಲ್ಲಿ ಕೂರಿಸುತ್ತಿದ್ದಿತು? ಹೊಸ ಲೋಕಕ್ಕೆ ಯಾರು ಹೋಗಬೇಕೆಂಬುದನ್ನು ನಿರ್ಣಯಿಸುವ ಅಧಿಕಾರ ಕೆಲವರ ಕೈ ಸೇರಿದರೆ, ಇಲ್ಲಿಯ ಮೇಲುಕೀಳುಗಳೇ ಅಲ್ಲಿಗೂ ಪಯಣಿಸುವುವು. ಇಂದಿನ ಯೋಜನೆಗಳ ಮುಂದೆಯೂ ನಾವು ಇಡಬೇಕಾದ ಪ್ರಶ್ನೆ ಇದೇ.

ಕ್ರಾಂತಿಯಾದ ಮೇಲೆ, 1921ರಲ್ಲಿ, ಸೋವಿಯತ್ ಸರಕಾರವು ಅವರಿಗೆ ಆಜೀವ ವೇತನವನ್ನು ಗೊತ್ತುಮಾಡಿತು. 1935ರ ಸೆಪ್ಟೆಂಬರ್ 19ರಂದು ಅವರು ಕಲೂಗದಲ್ಲಿಯೇ ತೀರಿಕೊಂಡರು. ಅವರ ಜನ್ಮಶತಾಬ್ದಿಯ ವರ್ಷವಾದ 1957ರಲ್ಲಿ ಪ್ರಥಮ ಕೃತಕ ಉಪಗ್ರಹವು ಅದೇ ದೇಶದಿಂದ ಆಕಾಶಕ್ಕೇರಿತು. ಅದನ್ನು ಹೊತ್ತ ರಾಕೆಟ್ಟು ಮೊದಲಿಗೆ ಸಿದ್ಧವಾದದ್ದು ಮಾತ್ರ ಸಾಗರದಾಚೆಯ ನಗರಗಳ ಮೇಲೆ ಪರಮಾಣು ಬಾಂಬನ್ನು ಎಸೆಯುವುದಕ್ಕಾಗಿ.