ಜಾಲಿಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯ

ಜುಲೈ 20ರಂದು ಧರ್ಮಸಭೆಯು ಪ್ರವಾದಿ ಎಲೀಯನನ್ನು ಸ್ಮರಿಸುತ್ತದೆ. ಎಲೀಯ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಆಕಾಶದಿಂದ ಇಳಿದ ಬೆಂಕಿ ಮತ್ತು ಅಗ್ನಿರಥ. ಆದರೆ ಇದೇ ಪ್ರವಾದಿ ಒಂದು ದಿನ ಸೋತು, ಸಾವನ್ನು ಬೇಡಿ ಮಲಗಿದ್ದನೆಂಬುದನ್ನೂ ಪವಿತ್ರ ಗ್ರಂಥ ಮುಚ್ಚಿಡದೆ ತಿಳಿಸುತ್ತದೆ.

ಎಲೀಯ ಕ್ರಿ.ಪೂ. 9ನೇ ಶತಮಾನದವನು. ಜೋರ್ಡನ್ ನದಿಯಾಚೆಯ ಗಿಲ್ಯಾದ್ ನಾಡಿನಿಂದ ಬಂದವನು. ಅವನ ತಂದೆತಾಯಿಯ ಹೆಸರು ಗ್ರಂಥದಲ್ಲಿಲ್ಲ. ಆಗ ಉತ್ತರದ ಇಸ್ರಯೇಲ್ ರಾಜ್ಯವನ್ನು ಅಹಾಬನು ಆಳುತ್ತಿದ್ದನು. ಅಸ್ಸೀರಿಯದ ಅರಸ ಮೂರನೆಯ ಶಲ್ಮನೇಸರನ ಶಾಸನವೊಂದು ಕ್ರಿ.ಪೂ. 853ರ ಕರ್ಕರ್ ಯುದ್ಧದ ವರದಿಯಲ್ಲಿ ಅಹಾಬನನ್ನು ಹೆಸರಿಸುತ್ತದೆ. ಎಲೀಯನ ಹೆಸರು ಅರಸರ ಶಾಸನಗಳಲ್ಲಿಲ್ಲ. ಅವನನ್ನು ಉಳಿಸಿದ್ದು ಭಕ್ತಜನರ ನೆನಪು.

ಅಹಾಬನ ರಾಣಿ ಈಜೆಬೆಲಳು ಸಿದೋನಿನವಳು. ಬಾಳ್ ದೇವತೆಯ ಆರಾಧನೆಗೆ ಬೆಂಬಲವಾಗಿ ನಿಂತವಳು. ಮಳೆ ನಿಲ್ಲುವುದೆಂದು ಎಲೀಯ ಅರಸನಿಗೆ ತಿಳಿಸಿದನು. ಬರಗಾಲದಲ್ಲಿ ಅವನಿಗೆ ಅನ್ನವಿಟ್ಟವಳು ಅದೇ ಸಿದೋನ್ ಸೀಮೆಯ ಸರೆಪ್ತದ ಬಡ ವಿಧವೆ. ಅವಳ ಮಡಕೆಯ ಹಿಟ್ಟು, ಕುಡಿಕೆಯ ಎಣ್ಣೆ ಬರಿದಾಗಲಿಲ್ಲ. ಮುಂದೆ ಕಾರ್ಮೆಲ್ ಬೆಟ್ಟದಲ್ಲಿ ಬಾಳನ 450 ಮಂದಿ ಪ್ರವಾದಿಗಳ ಎದುರು ಅವನೊಬ್ಬನೇ ನಿಂತನು. ಬಲಿಪೀಠದ ಮೇಲೆ ಬೆಂಕಿ ಇಳಿಯಿತು, ಸೋತವರ ಸಂಹಾರವಾಯಿತು, ಮಳೆಯೂ ಬಂತು. ಆದರೆ ರಾಣಿಯ ಮನಸ್ಸು ಬದಲಾಗಲಿಲ್ಲ. ಎಲೀಯನ ಪ್ರಾಣ ತೆಗೆಯಲು ಅವಳು ಶಪಥ ಮಾಡಿದಳು.

ಗೆದ್ದವನೇ ಓಡಿದನು. ಬೇರ್ಷೆಬದಲ್ಲಿ ಸೇವಕನನ್ನು ಬಿಟ್ಟು, ಮರುಭೂಮಿಯಲ್ಲಿ ಒಂದು ದಿನದ ದಾರಿ ನಡೆದು, ಜಾಲಿಗಿಡದ ಕೆಳಗೆ ಮಲಗಿ ಮರಣವನ್ನು ಬೇಡಿದನು. ದೇವರು ಅವನನ್ನು ಗದರಿಸಲಿಲ್ಲ. ದೇವದೂತನು ಎರಡು ಬಾರಿ ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ನಡುವೆ ನಿದ್ರೆ ಮಾಡಲು ಬಿಟ್ಟನು. ಆ ಊಟದ ಬಲದಿಂದ ಎಲೀಯ 40 ದಿನ ನಡೆದು ಹೋರೇಬ್ ಬೆಟ್ಟ ಸೇರಿದನು. ಅಲ್ಲಿ ಬಿರುಗಾಳಿ, ಭೂಕಂಪ, ಬೆಂಕಿ ಯಾವುದರಲ್ಲಿಯೂ ಸರ್ವೇಶ್ವರ ಇರಲಿಲ್ಲ; ಅವುಗಳ ಬಳಿಕ ಒಂದು ಮೆಲುದನಿ ಕೇಳಿಸಿತು. ತಾನೊಬ್ಬನೇ ಉಳಿದಿದ್ದೇನೆ ಎಂಬುದೇ ಎಲೀಯನ ದೂರು. ಬಾಳನಿಗೆ ಅಡ್ಡಬೀಳದ 7000 ಜನ ಇಸ್ರಯೇಲಿನಲ್ಲಿ ಉಳಿಯುವರೆಂದು ದೇವರು ತಿಳಿಸಿದರು. ಎಲೀಷನನ್ನು ಅವನ ಉತ್ತರಾಧಿಕಾರಿಯಾಗಿ ತೋರಿಸಿ ಮರಳಿ ಕೆಲಸಕ್ಕೆ ಕಳುಹಿಸಿದರು. ಅನಂತರವೇ ಎಲೀಯ, ನಾಬೋತನನ್ನು ಕೊಲ್ಲಿಸಿ ಕಸಿದುಕೊಂಡ ದ್ರಾಕ್ಷಿತೋಟದಲ್ಲಿ ಅಹಾಬನನ್ನು ಎದುರಿಸಿ, ಕೊಲೆಯಾದವನ ಪರವಾಗಿ ನ್ಯಾಯ ಕೇಳಿದನು.

ಎಲೀಯ ಮರಳಿ ಬರುವನೆಂಬ ನಿರೀಕ್ಷೆ ಮಲಾಕಿಯ ಗ್ರಂಥದ ಕೊನೆಯಲ್ಲಿದೆ. ಯೆಹೂದ್ಯರು ಇಂದಿಗೂ ಪಾಸ್ಕ ಭೋಜನದಲ್ಲಿ ಅವನಿಗಾಗಿ ಒಂದು ಪಾತ್ರೆ ದ್ರಾಕ್ಷಾರಸ ಇರಿಸುತ್ತಾರೆ. ಮುಸ್ಲಿಮರಿಗೆ ಅವನು ಕುರಾನಿನಲ್ಲಿ ಹೆಸರಿರುವ ಪ್ರವಾದಿ ಇಲ್ಯಾಸ್. ಪ್ರಭು ಯೇಸುವಿನ ರೂಪಾಂತರದ ವೇಳೆ ಮೋಶೆಯೊಂದಿಗೆ ಕಾಣಿಸಿಕೊಂಡವನು ಇವನೇ. ಕಾರ್ಮೆಲ್ ಬೆಟ್ಟದಲ್ಲಿ ಎಲೀಯನ ಹೆಸರಿನ ಒರತೆಯ ಬಳಿ ನೆಲೆಸಿದ್ದ ತಪಸ್ವಿಗಳಿಗೆ ಜೆರುಸಲೇಮಿನ ಪಿತೃಾಧ್ಯಕ್ಷ ಸಂತ ಆಲ್ಬರ್ಟ್ 1206 ಮತ್ತು 1214ರ ನಡುವೆ ಜೀವನ ನಿಯಮ ಬರೆದುಕೊಟ್ಟರು. ಅವರಿಂದ ಬೆಳೆದ ಕಾರ್ಮೆಲ್ ಸಭೆ ಎಲೀಯನನ್ನು ತನ್ನ ಆಧ್ಯಾತ್ಮಿಕ ತಂದೆಯೆಂದು ಗೌರವಿಸುತ್ತದೆ. 1870ರಲ್ಲಿ ಮಂಗಳೂರಿಗೆ ಬಂದ ಕಾರ್ಮೆಲ್ ಕನ್ಯಾಸ್ತ್ರೀಯರಲ್ಲಿ ಗಲಿಲೇಯದ ಮರಿಯಂ ಬವಾರ್ದಿ ಒಬ್ಬರು. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ದೈವಾರಾಧನಾ ವರ್ಷ 'ಬಿ'ಯಲ್ಲಿ, ಸಾಧಾರಣ ಕಾಲದ 19ನೇ ಭಾನುವಾರ, ಜಾಲಿಗಿಡದ ಈ ಘಟನೆಯೇ ಮೊದಲ ವಾಚನ. ಜೀವದ ರೊಟ್ಟಿಯ ಕುರಿತ ಶುಭಸಂದೇಶವನ್ನು ಅದರೊಡನೆ ಓದುತ್ತೇವೆ. ದಣಿದವನಿಗೆ ದೇವರು ಮೊದಲು ಕೊಟ್ಟದ್ದು ಉಪದೇಶವಲ್ಲ, ಊಟ.

ನಮ್ಮ ಧರ್ಮಕೇಂದ್ರಗಳಲ್ಲಿಯೂ ದಣಿದವರಿದ್ದಾರೆ: ವರ್ಷಗಟ್ಟಲೆ ದುಡಿದ ಗುರಿಕಾರರು, ಧರ್ಮೋಪದೇಶದ ಶಿಕ್ಷಕರು, ರೋಗಿಗಳ ಮನೆಗೆ ತಪ್ಪದೆ ಹೋಗುವವರು. ತಾನೊಬ್ಬನೇ ಎಂದು ಅವರಿಗೆ ಅನಿಸಿದರೆ ಅದನ್ನು ವಿಶ್ವಾಸದ ಕೊರತೆ ಎಂದು ತೀರ್ಮಾನಿಸದಿರೋಣ. ಅವರಿಗೆ ವಿಶ್ರಾಂತಿ ಕೊಡೋಣ. ಕೆಲಸದಲ್ಲಿ ಜೊತೆಗೂಡಲು ಒಬ್ಬ ಎಲೀಷನನ್ನು ಹುಡುಕಿಕೊಡೋಣ.